ಕಣ್ಣೀರಿಲ್ಲದ ಮಾತು: ಪ್ರೇಮಚಂದರ ಕೊನೆಯ ಕಥೆಗಳಲ್ಲಿ ನಿರಾಶೆಯ ಧ್ವನಿ

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಸಣ್ಣಕಥೆಯೊಂದರ ಬಗ್ಗೆ ಪ್ರಶ್ನೆ ಬಂದಾಗ ನಿಮ್ಮಲ್ಲಿ ಬಹುಮಂದಿ ಬರೆಯುವ ವಾಕ್ಯ ಒಂದಿದೆ. ‘ಲೇಖಕರು ಬಡವರ ನೋವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂಬುದು ಆ ವಾಕ್ಯ. ತಪ್ಪೇನೂ ಇಲ್ಲ. ಆದರೆ ಅದು ಯಾವ ಕಥೆಗೆ ಅಂಟಿಸಿದರೂ ಅಂಟುವ ಚೀಟಿ. ಮನಸ್ಸನ್ನು ಮುಟ್ಟಿದ್ದು ಯಾವುದು? ಯಾವ ಪದ, ಯಾವ ಕ್ರಿಯಾಪದ, ಯಾರ ಮೌನ? ಕಥೆ ಓದಿ ಮುಗಿಸಿದ ಮೇಲೆ ಎದೆಯ ಮೇಲೆ ಕಲ್ಲಿಟ್ಟಂತೆ ಆಗುತ್ತದಲ್ಲ, ಆ ಭಾರವನ್ನು ಕಥೆಗಾರ ಯಾವ ಸಾಮಗ್ರಿಯಿಂದ ಕಟ್ಟಿದ? ಭಾಷೆಯ ಹೊರತು ಬೇರೆ ಯಾವ ಸಾಮಗ್ರಿಯೂ ಅವನ ಬಳಿ ಇಲ್ಲ. ಹಾಗಾದರೆ ಅದನ್ನು ಭಾಷೆಯಲ್ಲೇ ಹುಡುಕಬೇಕು.

ನಮ್ಮ ಹಿಂದಿನ ಅಲಂಕಾರಿಕರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದಲ್ಲಿ, ರಸವನ್ನು ಅದರ ಹೆಸರು ಹಿಡಿದು ಕರೆದ ಮಾತ್ರಕ್ಕೆ ರಸ ಹುಟ್ಟುವುದಿಲ್ಲ ಎಂದು ವಾದಿಸಿದ. ‘ಶೋಕ’ ಎಂಬ ಪದವನ್ನು ನೂರು ಸಲ ಬರೆದರೂ ಓದುಗನಿಗೆ ಶೋಕ ಉಂಟಾಗದು. ಮುಂದೆ ಬಂದವರು ಹೀಗೆ ಹೆಸರು ಹೇಳಿಬಿಡುವುದನ್ನು ಕಾವ್ಯದೋಷಗಳ ಪಟ್ಟಿಗೇ ಸೇರಿಸಿದರು. ಈ ಸೂತ್ರವನ್ನು ಕೈಯಲ್ಲಿ ಹಿಡಿದು ಇಪ್ಪತ್ತನೆಯ ಶತಮಾನದ ಒಬ್ಬ ಕಥೆಗಾರನ ಬಳಿ ಹೋಗೋಣ. ಆತ ಹಿಂದಿ ಮತ್ತು ಉರ್ದು ಎರಡರಲ್ಲೂ ಬರೆದ ಮುನ್ಷಿ ಪ್ರೇಮಚಂದ್.

ಪ್ರೇಮಚಂದರು ಹುಟ್ಟಿದ್ದು 1880ರ ಜುಲೈ 31ರಂದು, ಕಾಶಿಯ ಬಳಿಯ ಲಮಹಿ ಎಂಬ ಹಳ್ಳಿಯಲ್ಲಿ. ತಂದೆತಾಯಿ ಇಟ್ಟ ಹೆಸರು ಧನಪತ್ ರಾಯ್. ಮೊದಲು ಬರೆದದ್ದು ಉರ್ದುವಿನಲ್ಲಿ, ‘ನವಾಬ್ ರಾಯ್’ ಎಂಬ ಹೆಸರಿನಿಂದ. 1908ರಲ್ಲಿ ಪ್ರಕಟವಾದ ‘ಸೋಜ್-ಎ-ವತನ್’ ಎಂಬ ಅವರ ಕಥಾಸಂಕಲನ ಸರ್ಕಾರದ ಕಣ್ಣಿಗೆ ಬಿದ್ದು ಮುಟ್ಟುಗೋಲಾಯಿತು. ಆಗ ಅವರು ಶಾಲಾ ಇಲಾಖೆಯ ನೌಕರರು. ಅನಂತರ, 1910ರಲ್ಲಿ, ‘ಪ್ರೇಮಚಂದ್’ ಎಂಬ ಹೆಸರು ಹುಟ್ಟಿಕೊಂಡಿತು. ಆ ಮುಟ್ಟುಗೋಲಾದ ಪುಸ್ತಕದ ಭಾಷೆ ಹೇಗಿತ್ತು ಗೊತ್ತೇ? ಅದರಲ್ಲಿ ಒಂದು ಕಥೆ, ಪ್ರಪಂಚದ ಅತ್ಯಮೂಲ್ಯ ರತ್ನ ಯಾವುದೆಂದು ಪ್ರೇಮಿಯೊಬ್ಬ ಹುಡುಕುತ್ತ ಹೋಗುವುದು. ಕೊನೆಗೆ ಆ ರತ್ನ ದೇಶಕ್ಕಾಗಿ ಚೆಲ್ಲಿದ ರಕ್ತದ ಕೊನೆಯ ಹನಿ ಎಂದು ತಿಳಿಯುತ್ತದೆ. ದಾಸ್ತಾನುಗಳ ಒಯ್ಯಾರ, ಪಾರಸಿ ಪದಗಳ ಜರಿ, ಉಪಮೆಯ ಮೇಲೆ ಉಪಮೆ. ಸಾವೂ ಅಲ್ಲಿ ಹಬ್ಬದ ಬಟ್ಟೆ ತೊಟ್ಟು ಬರುತ್ತದೆ.

ಅಲ್ಲಿಂದ ಸ್ವಲ್ಪ ಮುಂದೆ ಬಂದರೆ 1916ರ ‘ಪಂಚ್ ಪರಮೇಶ್ವರ್’ ಸಿಗುತ್ತದೆ. ಇದನ್ನು ನಿಮ್ಮಲ್ಲಿ ಕೆಲವರು ಹಿಂದಿ ಪಾಠದಲ್ಲಿ ಓದಿರಬಹುದು. ಜುಮ್ಮನ್ ಶೇಖ್ ಮತ್ತು ಅಲಗೂ ಚೌಧರಿ ಎಂಬ ಗೆಳೆಯರು ವೈರಿಗಳಾಗುತ್ತಾರೆ. ಆದರೆ ಪಂಚನ ಪೀಠದಲ್ಲಿ ಕುಳಿತಾಗ ಇಬ್ಬರ ಬಾಯಲ್ಲೂ ಸತ್ಯವೇ ಬರುತ್ತದೆ. ಕೊನೆಯಲ್ಲಿ ಅಪ್ಪಿಕೊಂಡು ಅಳುತ್ತಾರೆ. ಈ ಕಥೆಯಲ್ಲಿ ಕಣ್ಣೀರಿದೆ, ಆದರೆ ನಿರಾಶೆ ಇಲ್ಲ. ಅತ್ತರೆ ಮನಸ್ಸು ತೊಳೆಯುತ್ತದೆ ಎಂಬ ನಂಬಿಕೆ ಕಥೆಗಾರನಿಗೂ ಇದೆ, ಅವನ ಪಾತ್ರಗಳಿಗೂ ಇದೆ. ಇದನ್ನು ನೆನಪಿನಲ್ಲಿಡಿ. ಏಕೆಂದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪ್ರೇಮಚಂದರ ಕಥೆಗಳಿಂದ ಮೊದಲು ಮಾಯವಾಗುವುದು ಈ ಕಣ್ಣೀರು.

ಈ ನಡುವೆ ಏನೇನಾಯಿತು? 1921ರಲ್ಲಿ ಗೋರಖಪುರದಲ್ಲಿ ಗಾಂಧೀಜಿಯ ಭಾಷಣ ಕೇಳಿ ಪ್ರೇಮಚಂದರು ಸರ್ಕಾರಿ ನೌಕರಿ ಬಿಟ್ಟರು. ಕಾಶಿಯಲ್ಲಿ ಸರಸ್ವತಿ ಪ್ರೆಸ್ ಹಾಕಿದರು, 1930ರಲ್ಲಿ ‘ಹಂಸ್’ ಪತ್ರಿಕೆ ತೆಗೆದರು. ಎರಡರಿಂದಲೂ ಲಾಭಕ್ಕಿಂತ ಸಾಲವೇ ಹೆಚ್ಚು. ಅವರು ಬದುಕಿದ್ದ ಸಂಯುಕ್ತ ಪ್ರಾಂತದ ರೈತರ ಸ್ಥಿತಿಯಂತೂ ಇನ್ನೂ ಬಿಗಿಯಾಯಿತು. 1929ರ ಕೊನೆಯಲ್ಲಿ ಅಮೆರಿಕದಲ್ಲಿ ಮೊದಲಾದ ಆರ್ಥಿಕ ಮುಗ್ಗಟ್ಟು ನಮ್ಮ ಹೊಲಗಳನ್ನೂ ಮುಟ್ಟಿ, ಕೆಲವೇ ವರ್ಷಗಳಲ್ಲಿ ಧಾನ್ಯದ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಜಮೀನ್ದಾರನಿಗೆ ಕಟ್ಟಬೇಕಾದ ಗೇಣಿ, ಸಾಹುಕಾರನ ಬಡ್ಡಿ ಎರಡೂ ರೂಪಾಯಿಯ ಲೆಕ್ಕದಲ್ಲಿದ್ದವು. ಅವು ಬೆಲೆಯ ಜೊತೆಗೆ ಇಳಿಯಲಿಲ್ಲ. ಮೊದಲು ಒಂದು ಚೀಲ ಮಾರಿ ತೀರಿಸುತ್ತಿದ್ದ ಋಣಕ್ಕೆ ಈಗ ಎರಡು ಚೀಲ ಬೇಕಾಯಿತು. ಮನಃಪರಿವರ್ತನೆಯಿಂದ ಬಗೆಹರಿಯುವ ಕಷ್ಟವೇ ಇದು? ಅಪ್ಪಿಕೊಂಡು ಅಳುವುದಾದರೂ ಯಾರನ್ನು?

ಈ ಪೆಟ್ಟು ಪೂರ್ತಿಯಾಗಿ ಬೀಳುವ ಮುನ್ನವೇ, 1930ರಲ್ಲಿ, ಅವರು ‘ಪೂಸ್ ಕೀ ರಾತ್’ (ಪುಷ್ಯಮಾಸದ ರಾತ್ರಿ) ಬರೆದರು. ಹಲ್ಕೂ ಎಂಬ ರೈತ ಕಂಬಳಿಗೆಂದು ಮೂರು ರೂಪಾಯಿ ಕೂಡಿಟ್ಟಿದ್ದಾನೆ. ಸಾಲದವನು ಬಾಗಿಲಲ್ಲಿ ನಿಂತಿದ್ದಾನೆ. ಹೆಂಡತಿ ಮುನ್ನಿ ಜಗಳವಾಡುತ್ತಾಳೆ. ಕೊನೆಗೆ ಹಣ ಸಾಲದವನ ಕೈ ಸೇರುತ್ತದೆ. ಹಲ್ಕೂ ಕಂಬಳಿಯಿಲ್ಲದೆ ಬೆಳೆ ಕಾಯಲು ಹೊಲಕ್ಕೆ ಹೋಗುತ್ತಾನೆ. ಜೊತೆಗೆ ಜಬರಾ ಎಂಬ ನಾಯಿ.

ಈ ಕಥೆಯಲ್ಲಿ ಪ್ರೀತಿಯ ಮಾತುಗಳು ಯಾರಿಗೆ ಸಲ್ಲುತ್ತವೆ ಎಂದು ಗಮನಿಸಿ. ಹೆಂಡತಿಯ ಜೊತೆ ಆಡುವ ಮಾತೆಲ್ಲ ಲೆಕ್ಕದ ಮಾತು, ಹಣದ ಮಾತು. ಬೈಗುಳವೂ ತಮಾಷೆಯೂ ಸಲಿಗೆಯೂ ತುಂಬಿದ ಮಾತನ್ನು ಅವನು ನಾಯಿಯೊಡನೆ ಆಡುತ್ತಾನೆ. ಚಳಿಗೆ ನಾಯಿಯನ್ನು ಮೈಗೆ ಒತ್ತಿಕೊಂಡು ಮಲಗುತ್ತಾನೆ. ಎಷ್ಟು ಸಹಜವಾಗಿ ಬರೆದಿದ್ದಾರೆಂದರೆ, ಓದುವಾಗ ನಿಮಗೆ ನಗುವೂ ಬರುತ್ತದೆ. ಆದರೆ ಮನುಷ್ಯ ಮನುಷ್ಯನೊಡನೆ ಆಡಬೇಕಾದ ಮಾತು ಎಲ್ಲಿಗೆ ಹೋಗಿ ನಿಂತಿದೆ ಎಂಬುದು ಮರುಕ್ಷಣ ಹೊಳೆಯುತ್ತದೆ. ಚಳಿಗೆ ಮಾತ್ರ ಪ್ರೇಮಚಂದರು ಉಪಮೆಗಳನ್ನು ಧಾರಾಳವಾಗಿ ಕೊಡುತ್ತಾರೆ: ಅದು ಪಿಶಾಚಿಯಂತೆ ಎದೆಯ ಮೇಲೆ ಕೂರುತ್ತದೆ. ಚಳಿಗೆ ಅವರು ಜೀವ ಕೊಡುತ್ತಾರೆ. ಬಲ ಯಾರ ಕಡೆ ಇದೆ ಎಂಬುದು ವ್ಯಾಕರಣದಿಂದಲೇ ತಿಳಿಯುತ್ತದೆ.

ರಾತ್ರಿ ನೀಲಗಾಯಿಗಳು ಬಂದು ಹೊಲವನ್ನು ಮೇಯುತ್ತವೆ. ಜಬರಾ ಬೊಗಳುತ್ತಲೇ ಇರುತ್ತದೆ. ಒಣಗಿದ ಎಲೆ ಉರಿಸಿ ಬೆಚ್ಚಗಾಗಿದ್ದ ಹಲ್ಕೂ ಎದ್ದು ಎರಡು ಮೂರು ಹೆಜ್ಜೆ ಇಟ್ಟು, ಗಾಳಿ ಚುಚ್ಚಿದೊಡನೆ ಮತ್ತೆ ಬೂದಿಯ ಬಳಿ ಕೂರುತ್ತಾನೆ. ಬೆಳಗ್ಗೆ ಬೆಳೆ ಸರ್ವನಾಶ. ಮುನ್ನಿಯ ಮುಖದಲ್ಲಿ ದುಃಖ. ಹಲ್ಕೂ? ಅವನು ಸಂತೋಷವಾಗಿದ್ದಾನೆ, ಇನ್ನು ಚಳಿಯಲ್ಲಿ ಹೊಲದಲ್ಲಿ ಮಲಗುವ ಕಷ್ಟ ತಪ್ಪಿತಲ್ಲ ಎಂದು! ಇಡೀ ಕಥೆಯ ಅತ್ಯಂತ ಭಯಂಕರವಾದ ಪದ ಇಲ್ಲಿನ ‘ಸಂತೋಷ’. ಅದರ ಜಾಗದಲ್ಲಿ ‘ಹತಾಶ’ ಎಂಬ ಪದವಿಟ್ಟು ಓದಿ ನೋಡಿ, ಕಥೆ ಸಾಧಾರಣವಾಗಿಬಿಡುತ್ತದೆ.

ಮರುವರ್ಷ ಬಂದದ್ದು ‘ಸದ್ಗತಿ’. 1981ರಲ್ಲಿ ಸತ್ಯಜಿತ್ ರಾಯ್ ಅವರು ದೂರದರ್ಶನಕ್ಕಾಗಿ ಇದನ್ನು ಚಿತ್ರವಾಗಿಸಿದರು. ಓಂ ಪುರಿ ಮತ್ತು ಸ್ಮಿತಾ ಪಾಟೀಲ್ ಅಭಿನಯಿಸಿದ ಆ ಚಿತ್ರವನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಇಲ್ಲಿ ಒಂದು ಮಾತಷ್ಟೇ ಹೇಳುತ್ತೇನೆ. ಮಗಳ ನಿಶ್ಚಯಕ್ಕೆ ಮುಹೂರ್ತ ಕೇಳಲು ಹೋದ ದುಖಿ, ಪಂಡಿತನ ಮನೆಯ ಮುಂದೆ ಹಸಿದ ಹೊಟ್ಟೆಯಲ್ಲಿ ಕೊರಡು ಸೀಳುತ್ತ ಸಾಯುತ್ತಾನೆ. ಅವನ ಹೆಣವನ್ನು ಹಗ್ಗ ಹಾಕಿ ಎಳೆಯುತ್ತಾರೆ. ಇಂಥ ಕಥೆಗೆ ‘ಸದ್ಗತಿ’ ಎಂಬ ಹೆಸರಿಟ್ಟ ಮೇಲೆ ಲೇಖಕ ಪ್ರತ್ಯೇಕವಾಗಿ ಕಿರುಚಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕಾಲದ ಶ್ರೇಷ್ಠ ಕಥೆ ಇದೂ ಅಲ್ಲ, ಬಹಳ ಪ್ರಸಿದ್ಧವಾದ ‘ಕಫನ್’ ಕೂಡ ಅಲ್ಲ. 1932ರ ‘ಠಾಕೂರ್ ಕಾ ಕುಆಂ’, ಅಂದರೆ ಠಾಕೂರನ ಬಾವಿ. ಕೆಲವೇ ಪುಟಗಳ ಕಥೆ. ಒಂದು ಪೀರಿಯಡ್ಡಿನಲ್ಲಿ ಎರಡು ಸಲ ಓದಬಹುದು.

ಅದು ಯಾವ ಕಾಲವೆಂದು ಮೊದಲು ನೆನೆಯಿರಿ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನೀರು ಕುಡಿದಿದ್ದರು. 1932ರ ಸೆಪ್ಟೆಂಬರಿನಲ್ಲಿ ಯರವಾಡ ಜೈಲಿನಲ್ಲಿ ಗಾಂಧೀಜಿಯ ಉಪವಾಸ ನಡೆಯಿತು, ಪುಣೆ ಒಪ್ಪಂದವಾಯಿತು. ದೇಶದ ಪತ್ರಿಕೆಗಳ ತುಂಬ ದೇವಾಲಯ, ಕೆರೆ, ಬಾವಿಗಳ ಮಾತು. ಅಂಥ ವರ್ಷದಲ್ಲಿ ಪ್ರೇಮಚಂದರು ಒಂದು ತಂಬಿಗೆ ನೀರಿನ ಕಥೆ ಬರೆದರು.

ಜೋಖೂ ಕಾಯಿಲೆ ಮಲಗಿದ್ದಾನೆ. ತಂಬಿಗೆಯನ್ನು ಬಾಯಿಗೆ ಹಿಡಿದರೆ ನೀರು ನಾರುತ್ತದೆ. ಬಾವಿಯಲ್ಲಿ ಯಾವುದೋ ಪ್ರಾಣಿ ಬಿದ್ದು ಸತ್ತಿರಬೇಕು. ಹೆಂಡತಿ ಗಂಗಿ ಠಾಕೂರನ ಬಾವಿಯಿಂದ ನೀರು ತರುತ್ತೇನೆಂದು ಹೊರಡುತ್ತಾಳೆ. ಕೈಕಾಲು ಮುರಿಸಿಕೊಂಡು ಬರುತ್ತೀಯೆ ಎಂದು ಗಂಡ ಎಚ್ಚರಿಸುತ್ತಾನೆ. ರಾತ್ರಿ ಒಂಬತ್ತು ಗಂಟೆ. ಠಾಕೂರನ ಬಾಗಿಲಲ್ಲಿ ಕೆಲಸವಿಲ್ಲದ ನಾಲ್ಕಾರು ಮಂದಿ ಕೂತು ಕೋರ್ಟು, ಲಂಚ, ಖಟ್ಲೆಗಳ ಜಾಣತನವನ್ನು ಕೊಚ್ಚಿಕೊಳ್ಳುತ್ತಿದ್ದಾರೆ. ಬುಡ್ಡಿ ದೀಪದ ಮಸುಕು ಬೆಳಕು ಬಾವಿಕಟ್ಟೆಯವರೆಗೆ ಬೀಳುತ್ತಿದೆ. ಗಂಗಿ ನೆರಳಲ್ಲಿ ಕಾಯುತ್ತಾಳೆ.

ಕಾಯುವಾಗ ಅವಳು ಯೋಚಿಸುತ್ತಾಳೆ. ನಾವೇಕೆ ಕೀಳು, ಇವರೇಕೆ ಮೇಲು? ಕುತ್ತಿಗೆಗೆ ಒಂದು ದಾರ ಹಾಕಿಕೊಂಡಿದ್ದಕ್ಕೇ? ಕಳ್ಳತನ ಇವರದು, ಮೋಸ ಇವರದು, ಸುಳ್ಳು ಖಟ್ಲೆ ಇವರದು. ಒಂದರ ಹಿಂದೆ ಒಂದು ಪ್ರಶ್ನೆ. ಇಡೀ ಕಥೆಯಲ್ಲಿ ಭಾಷೆ ಕುದಿಯುವುದು ಇಲ್ಲಿಯೇ. ಗಂಗಿಯ ಮನಸ್ಸು ಎಷ್ಟು ಸ್ವತಂತ್ರವಾಗಿದೆ ನೋಡಿ! ಆದರೆ ಈ ಒಂದು ಮಾತೂ ಅವಳ ಬಾಯಿಂದ ಹೊರಗೆ ಬರುವುದಿಲ್ಲ. ಪ್ರಶ್ನೆಗಳೆಲ್ಲ ತಲೆಯೊಳಗೆ, ಹೊರಗೆ ಕೇಳಿಸುವುದು ಠಾಕೂರನ ಕಡೆಯವರ ಹರಟೆ. ಒಳಗಿನ ಮಾತಿಗೂ ಹೊರಗಿನ ಮಾತಿಗೂ ನಡುವೆ ಲೇಖಕರು ಇಟ್ಟ ಈ ಗೋಡೆಯೇ ನಿರಾಶೆಯ ಮೊದಲ ಕಲ್ಲು. ತಿಳಿವಳಿಕೆ ಇಲ್ಲದವಳಾಗಿದ್ದರೆ ಓದುಗ ಅವಳಿಗೆ ತಿಳಿವಳಿಕೆ ಬರಲಿ ಎಂದು ಹಾರೈಸಬಹುದಿತ್ತು. ಅವಳಿಗೆ ಎಲ್ಲವೂ ತಿಳಿದಿದೆ.

ಕೊನೆಗೆ ಜಾಗ ಬರಿದಾಗುತ್ತದೆ. ಗಂಗಿ ಹಗ್ಗ ಕಟ್ಟಿ ಕೊಡವನ್ನು ಇಳಿಬಿಡುತ್ತಾಳೆ. ಇಲ್ಲಿ ವಾಕ್ಯಗಳು ಚಿಕ್ಕದಾಗುತ್ತವೆ, ಅವಳ ಉಸಿರಿನ ಹಾಗೆ. ಕೊಡ ಮುಳುಗಿತು, ಮೇಲೆ ಬಂತು, ಬಾಯಿಕಟ್ಟೆಯ ತನಕ ಬಂತು. ಹಿಡಿಯಲು ಬಗ್ಗಿದಾಗ ಠಾಕೂರನ ಬಾಗಿಲು ಫಕ್ಕನೆ ತೆರೆಯುತ್ತದೆ. ಹಗ್ಗ ಕೈಜಾರುತ್ತದೆ. ಕೊಡ ನೀರಿಗೆ ಬಿದ್ದ ಸದ್ದು. ಆ ಮೇಲೆ ಕೆಲವು ಕ್ಷಣ ನೀರು ಅಲುಗಾಡುವ ಸದ್ದು. ಯಾರದು ಎಂದು ಠಾಕೂರ ಕೂಗುತ್ತ ಬರುತ್ತಾನೆ, ಗಂಗಿ ಕಟ್ಟೆಯಿಂದ ಹಾರಿ ಓಡುತ್ತಾಳೆ. ಕೊಡ ಮುಳುಗಿತೆಂದು ಹೇಳಿ ಮುಗಿಸಬಹುದಿತ್ತು. ನೀರಿನ ಆ ಉಳಿದ ಸದ್ದನ್ನು ಕೇಳಿಸಿದ್ದೇಕೆ? ನೀರು ಅಲ್ಲೇ ಇದೆ, ಶುದ್ಧವಾಗಿದೆ, ತುಂಬಾ ಇದೆ ಎಂದು ಆ ಸದ್ದು ಹೇಳುತ್ತಿದೆ.

ಮನೆಗೆ ಬಂದು ನೋಡಿದರೆ ಜೋಖೂ ತಂಬಿಗೆಯನ್ನು ಬಾಯಿಗಿಟ್ಟು ಅದೇ ಕೊಳಕು ನೀರನ್ನು ಕುಡಿಯುತ್ತಿದ್ದಾನೆ. ಕಥೆ ಮುಗಿಯಿತು. ಗಂಗಿ ಅತ್ತಳೆ, ಕುಸಿದಳೆ, ದೇವರನ್ನು ಶಪಿಸಿದಳೆ? ಹೇಳಿಲ್ಲ. ಆ ಕೊನೆಯ ವಾಕ್ಯದಲ್ಲಿ ಎರಡು ಸಣ್ಣ ವಿಷಯಗಳನ್ನು ಗುರುತಿಸಿ. ಒಂದು, ‘ಅದೇ’ ಎಂಬ ಪದ. ಎರಡಕ್ಷರ. ಕಥೆ ಆರಂಭವಾದ ಜಾಗಕ್ಕೇ ನಮ್ಮನ್ನು ತಂದು ಕಟ್ಟಿಹಾಕುವುದು ಅದು. ಇನ್ನೊಂದು, ಕ್ರಿಯಾಪದದ ರೂಪ. ‘ಕುಡಿದ’ ಎಂದಿದ್ದರೆ ಒಂದು ಘಟನೆ ಮುಗಿದಂತೆ. ಮೂಲ ಹಿಂದಿಯಲ್ಲಿ ಅದು ನಡೆಯುತ್ತಿರುವ ವರ್ತಮಾನ: ಕುಡಿಯುತ್ತಿದ್ದಾನೆ. ನೀವು ಪುಸ್ತಕ ಮುಚ್ಚುವಾಗಲೂ ಅವನು ಕುಡಿಯುತ್ತಲೇ ಇದ್ದಾನೆ. ಅನುವಾದ ಮಾಡುವವರು ಇಂಥ ಕಡೆ ಕೈತಪ್ಪಿ ‘ಪಾಪ’ ಎಂದೋ ‘ಅಯ್ಯೋ’ ಎಂದೋ ಸೇರಿಸಿಬಿಟ್ಟರೆ ಕಥೆಯ ಬೆನ್ನೆಲುಬೇ ಮುರಿದಂತೆ.

ಇನ್ನು ‘ಕಫನ್’. ಹೆಣಕ್ಕೆ ಹೊದಿಸುವ ಬಟ್ಟೆ ಎಂದು ಇದರ ಅರ್ಥ. 1935ರ ಡಿಸೆಂಬರಿನಲ್ಲಿ ‘ಜಾಮಿಯಾ’ ಪತ್ರಿಕೆಯಲ್ಲಿ ಉರ್ದುವಿನಲ್ಲಿಯೂ, 1936ರಲ್ಲಿ ‘ಚಾಂದ್’ ಪತ್ರಿಕೆಯಲ್ಲಿ ಹಿಂದಿಯಲ್ಲಿಯೂ ಬಂತು. ಗುಡಿಸಲಿನ ಮುಂದೆ ಆರಿದ ಅಗ್ಗಷ್ಟಿಕೆ. ಅದರ ಎದುರು ಅಪ್ಪ ಘೀಸೂ, ಮಗ ಮಾಧವ. ಒಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಳೆ. ಇಬ್ಬರೂ ಆಲೂಗೆಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ಒಳಗೆ ಹೋದರೆ ತನ್ನ ಪಾಲನ್ನು ಇನ್ನೊಬ್ಬ ತಿಂದಾನೆಂದು ಮಾಧವ ಏಳುವುದಿಲ್ಲ. ಬೆಳಗಾಗುವಷ್ಟರಲ್ಲಿ ಬುಧಿಯಾ ಸತ್ತಿದ್ದಾಳೆ. ಜಮೀನ್ದಾರ ಒಂದು ಸಾಂತ್ವನದ ಮಾತೂ ಇಲ್ಲದೆ ಎರಡು ರೂಪಾಯಿ ಎಸೆಯುತ್ತಾನೆ. ಊರಿನವರಿಂದ ಎರಡಾಣೆ ನಾಲ್ಕಾಣೆ ಕೂಡಿ ಒಟ್ಟು ಐದು ರೂಪಾಯಿ. ಬಟ್ಟೆ ತರಲು ಪೇಟೆಗೆ ಹೋದವರು ಹೆಂಡದಂಗಡಿ ಸೇರಿ, ಪೂರಿ ತಿಂದು, ಕುಡಿದು, ಹಾಡಿ, ಕುಣಿದು ಅಲ್ಲೇ ಬೀಳುತ್ತಾರೆ.

ಒಂದು ಕೆಲಸ ಮಾಡಿ. ಈ ಕಥೆಯನ್ನು ಓದುವಾಗ ಬುಧಿಯಾಳ ಮಾತುಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪೆನ್ಸಿಲು ಸವೆಯುವುದಿಲ್ಲ, ಏಕೆಂದರೆ ಅವಳಿಗೆ ಮಾತೇ ಇಲ್ಲ, ನರಳಾಟ ಮಾತ್ರ. ಆಮೇಲೆ ಮುಂದೆ ನಡೆಯಲಿರುವುದನ್ನು ಹೇಳುವ ಕ್ರಿಯಾಪದಗಳನ್ನು ಗುರುತಿಸಿ. ಹೆಂಡದಂಗಡಿಯಲ್ಲಿ ಅಪ್ಪ ಮಗ ಭವಿಷ್ಯದ ಬಗ್ಗೆ ಮಾತಾಡುತ್ತಾರೆ, ನಿಜ. ಸತ್ತವಳು ವೈಕುಂಠಕ್ಕೆ ಹೋಗುತ್ತಾಳೆಂದು ಘೀಸೂ ಭರವಸೆ ಕೊಡುತ್ತಾನೆ. ಬಟ್ಟೆಯನ್ನೂ ಅದೇ ಜನ ಮತ್ತೆ ಕೊಡುತ್ತಾರೆ, ಆದರೆ ಈ ಸಲ ದುಡ್ಡು ನಮ್ಮ ಕೈಗೆ ಕೊಡುವುದಿಲ್ಲ ಎನ್ನುತ್ತಾನೆ. ಅಲ್ಲಿ ನಾಳೆ ಎಂಬುದು ಸತ್ತವಳಿಗೆ ಇದೆ, ಬದುಕಿರುವ ಈ ಇಬ್ಬರಿಗೆ ಇಲ್ಲ. ಘೀಸೂನ ಬಾಯಲ್ಲಿ ನೀರೂರಿಸುವ ಒಂದೇ ಒಂದು ಊಟ ಇಪ್ಪತ್ತು ವರ್ಷದ ಹಿಂದೆ ಯಾವುದೋ ಠಾಕೂರನ ಮದುವೆಯಲ್ಲಿ ಉಂಡದ್ದು. ಆಶೆ ಕೂಡ ಭೂತಕಾಲಕ್ಕೆ ಸೇರಿಹೋಗಿದೆ.

ಆದರೂ ಈ ಕಥೆಯ ಬಗ್ಗೆ ಒಂದು ತಕರಾರು ಇದೆ, ಅದನ್ನು ನಿಮಗೆ ಮುಚ್ಚಿಡಬಾರದು. ಓಂಪ್ರಕಾಶ್ ವಾಲ್ಮೀಕಿ ಮೊದಲಾದ ಹಿಂದಿಯ ದಲಿತ ಲೇಖಕರು, ದಲಿತ ಕುಟುಂಬವೊಂದನ್ನು ಹೀಗೆ ಕರುಣೆಯಿಲ್ಲದ ಸೋಮಾರಿಗಳಂತೆ ತೋರಿಸಿದ್ದು ಸರಿಯೇ ಎಂದು ಕೇಳಿದರು. ಇದು ಭಾಷೆಯ ಪ್ರಶ್ನೆಯೂ ಹೌದು. ಮಲಗಿದ ಅಪ್ಪ ಮಗನನ್ನು ಪ್ರೇಮಚಂದರು ಸುರುಳಿ ಸುತ್ತಿ ಬಿದ್ದ ಹೆಬ್ಬಾವುಗಳಿಗೆ ಹೋಲಿಸುತ್ತಾರೆ. ಈ ಹೋಲಿಕೆ ಯಾರ ಕಣ್ಣಿಗೆ ಕಂಡದ್ದು? ಗುಡಿಸಲಿನ ಒಳಗಿನವರ ಕಣ್ಣಿಗಲ್ಲ. ಹಗಲಿರುಳು ದುಡಿಯುವವನ ಸ್ಥಿತಿಯೂ ಇವರಿಗಿಂತ ಮೇಲಾಗಿರದ ಸಮಾಜದಲ್ಲಿ ಇಂಥ ಮನಸ್ಸು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಲೇಖಕರು ನಡುವೆ ಬಂದು ವಿವರಣೆಯನ್ನೂ ಕೊಡುತ್ತಾರೆ. ವಿವರಣೆ ಸರಿಯಾದದ್ದೇ. ಆದರೆ ವಿವರಣೆ ಕೊಡಬೇಕಾಗಿ ಬಂದದ್ದೇ ಅವರು ಹೊರಗೆ ನಿಂತು ನೋಡುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ. ಗಂಗಿಯ ತಲೆಯೊಳಗೆ ಅವರು ಹೊಕ್ಕಿದ್ದರು. ಅಲ್ಲಿ ವಿವರಣೆ ಬೇಕಾಗಲಿಲ್ಲ. ಬಾವಿಯ ಕಥೆಯನ್ನು ನಾನು ಮೇಲೆ ಇಟ್ಟದ್ದು ಈ ಕಾರಣಕ್ಕೆ. ಕನ್ನಡದಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಓದಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿಯೂ ಹಸಿವಿದೆ, ರಾತ್ರಿ ಇದೆ, ಬೆಂಕಿಯ ಸುತ್ತ ಕೂತು ತಿನ್ನುವ ಮನೆಮಂದಿ ಇದ್ದಾರೆ. ಆದರೆ ಕದ್ದು ತಂದ ಕಡಲೆಕಾಯಿ ತಿನ್ನುವ ಆ ಜನ ತಮ್ಮದೇ ನುಡಿಯಲ್ಲಿ ಮಾತಾಡುತ್ತಾರೆ, ಮತ್ತು ಆ ನುಡಿಯಲ್ಲಿ ಬದುಕುವ ಹುರುಪು ಆರಿಲ್ಲ.

ಪ್ರೇಮಚಂದರು ಸ್ವತಃ ಏನು ನಂಬಿದ್ದರು? 1936ರ ಏಪ್ರಿಲಿನಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಸಮ್ಮೇಳನದ ಅಧ್ಯಕ್ಷರಾಗಿ, ಸಾಹಿತ್ಯ ನಿದ್ದೆ ಬರಿಸಬಾರದು, ಎಚ್ಚರಿಸಬೇಕು, ಸೌಂದರ್ಯದ ಅಳತೆಗೋಲನ್ನೇ ಬದಲಿಸಬೇಕು ಎಂಬ ಆಶಯದ ಭಾಷಣ ಮಾಡಿದರು. ‘ಕಫನ್’ ಹಿಂದಿಯಲ್ಲಿ ಅಚ್ಚಾದದ್ದೂ ಅದೇ ತಿಂಗಳು. ವೇದಿಕೆಯ ಮೇಲೆ ಆಶೆಯ ಮಾತು, ಕಥೆಯಲ್ಲಿ ಆರಿದ ಬೂದಿ. ಇದನ್ನು ವಿರೋಧವೆಂದು ಕೆಲವರು ಬಗೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮುಗ್ಗಟ್ಟಿನ ಆ ವರ್ಷಗಳ ಹಳ್ಳಿಯಲ್ಲಿ ಕೈಗೆ ಸಿಗದ ಆಶೆಯನ್ನು ಕಥೆಯ ಕೊನೆಯಲ್ಲಿ ಅಂಟಿಸಲು ಅವರ ಭಾಷೆ ಒಪ್ಪಲಿಲ್ಲ, ಅಷ್ಟೆ.

ಅದೇ ವರ್ಷ ಅವರ ಕೊನೆಯ ಪೂರ್ಣ ಕಾದಂಬರಿ ‘ಗೋದಾನ್’ ಹೊರಬಂತು; ಅಕ್ಟೋಬರ್ 8ರಂದು ಅವರು ತೀರಿಕೊಂಡರು. ಜೀವಮಾನವೆಲ್ಲ ಒಂದು ಹಸುವಿನ ಆಶೆಯಲ್ಲಿ ದುಡಿದ ಹೋರಿ ಎಂಬ ರೈತ ಆ ಕಾದಂಬರಿಯ ಕೊನೆಯಲ್ಲಿ ಸಾಯುತ್ತಿದ್ದಾನೆ. ಸುತ್ತಲಿದ್ದವರು ಗೋದಾನ ಮಾಡಿಸೆನ್ನುತ್ತಾರೆ. ಹೆಂಡತಿ ಧನಿಯಾ ಒಳಗೆ ಹೋಗಿ, ಸುತಲಿ ಹಗ್ಗ ಮಾರಿ ಬಂದಿದ್ದ ಹಣವನ್ನು ತಂದು ಗಂಡನ ಕೈಯಲ್ಲಿಡುತ್ತಾಳೆ. ಹಲ್ಕೂನ ಮೂರು ರೂಪಾಯಿ, ಘೀಸೂನ ಐದು ರೂಪಾಯಿಗಳಂತೆ ಇಲ್ಲಿಯೂ ಪ್ರೇಮಚಂದರು ಮೊತ್ತವನ್ನು ಹೇಳುತ್ತಾರೆ: ಇಪ್ಪತ್ತು ಆಣೆ.